ಕರುಣಾಳಿಗೆ ಹೊಲಿದ ಗೌನು

ನಿಮಗೆ ನಾನು ಸುಳ್ಳು ಹೇಳಿದೆ. ನಮ್ಮ ಮಗಳು ಕರುಣಾ ಸತ್ತು ಮಣ್ಣಾದ ಮೇಲೂ ಚೆನ್ನಾಗಿದ್ದಾಳೆ ಎಂದೆ. ಅದನ್ನೇ ನಂಬಿಕೊಂಡು ನೀವು ಕಣ್ಣು ಮುಚ್ಚಿದಿರಿ. ಇಷ್ಟು ವರ್ಷ ಇದನ್ನು ಯಾರೆದುರೂ ಬಾಯಿಬಿಟ್ಟಿಲ್ಲ — ಪ್ರಾರ್ಥನೆಯಲ್ಲಿ ಕೂಡ ಸುತ್ತಿ ಬಳಸಿ ಏನೋ ಹೇಳಿ ಎದ್ದುಬಿಡುತ್ತಿದ್ದೆ. ದೇವರ ಹತ್ತಿರವೂ ಜಾಣತನ! ಗಂಡನಿಗೆ ಹೇಳಿದ ಸುಳ್ಳನ್ನು ಗಂಡನ ಹತ್ತಿರವೇ ಒಪ್ಪಿಕೊಳ್ಳಬೇಕು. ಅದಕ್ಕೇ ಇವತ್ತು ನಿಮಗೇ ಹೇಳುತ್ತಿದ್ದೇನೆ.

ಆಗಿನ್ನೂ ನಯಾಪೈಸೆ ಬಂದ ಹೊಸತು. ಗೌರಿಬಿದನೂರಿನ ಸುತ್ತಲ ಹಳ್ಳಿಗಳಲ್ಲಿ ಸೈಕಲ್ ತುಳಿದು ಚರ್ಚಿನ ಉಪದೇಶಿ ಕೆಲಸ ಮಾಡುತ್ತಿದ್ದ ನೀವು, ಕ್ಷಯ ಹತ್ತಿ ಚಿಕ್ಕಬಳ್ಳಾಪುರದ ಆಸ್ಪತ್ರೆ ಸೇರಿದ್ದಿರಿ. ಮಗುವಿಗೆ ತಗಲದಿರಲಿ ಎಂದು ನೀವೇ ಅವಳನ್ನು ಚಿಂತಾಮಣಿಗೆ, ನಮ್ಮಮ್ಮನ ಮನೆಗೆ ಕಳಿಸಿದಿರಿ. ಡಿಸೆಂಬರಿನ ಚಳಿಯಲ್ಲಿ ಅಲ್ಲಿ ಅವಳಿಗೆ ಗಂಟಲುಮಾರಿ ಬಂತು. ನನ್ನ ತಮ್ಮ ಬಸ್ಸಿನಲ್ಲಿ ಬಂದು ನನ್ನನ್ನು ಕರೆದೊಯ್ಯುವಷ್ಟರಲ್ಲಿ ಉಸಿರು ನಿಂತಿತ್ತು. ಐದು ವರ್ಷದ ಮಗು... ಮಣ್ಣು ಮಾಡಿ ಹೊರಟಾಗ ನಮ್ಮಮ್ಮ ನನ್ನ ಕೈ ಹಿಡಿದು, ಅಳಿಯನಿಗೆ ಹೇಳಿಬಿಡು, ಮುಚ್ಚಿಡಬೇಡ ಎಂದು ತೆಲುಗಿನಲ್ಲಿ ಅಂಗಲಾಚಿದಳು. ಆಗಲಿ ಎಂದೆ. ಬಸ್ಸು ಶಿಡ್ಲಘಟ್ಟ ದಾಟುವವರೆಗೂ ಹೇಳಬೇಕೆಂದೇ ಇದ್ದೆ.

ನಾನಿನ್ನೂ ವಾರ್ಡಿನ ಬಾಗಿಲಲ್ಲಿರುವಾಗಲೇ ನೀವು ಕೇಳಿದಿರಿ: "ಹೆಂಗವ್ಳೆ ಮಗು?"

"ಚೆನ್ನಾಗವ್ಳೆ. ಅಜ್ಜೀನ ಗೋಳು ಹುಯ್ಕೊಳ್ತಾವ್ಳೆ," ಅಂದೆ.

ಬಾಯಿ ಜಾರಿತು ಎನ್ನಲಾರೆ — ನಿಮ್ಮ ಮುಖ ನೋಡಿ, ಯೋಚಿಸಿಯೇ ಆಡಿದ ಮಾತು. ನೀವು ನಕ್ಕಿರಿ. ರೋಗಿಯ ಮನಸ್ಸಿಗೆ ಪೆಟ್ಟಾಗಬಾರದು ಎಂದು ಡಾಕ್ಟರಮ್ಮ ಹೇಳಿದ್ದರು, ನಿಜ. ಎಷ್ಟೋ ವರ್ಷ ಆ ಮಾತಿನ ಸೆರಗು ಹಿಡಿದುಕೊಂಡೇ ಓಡಾಡಿದೆ. ಆದರೆ ನಿಜವಾದ ಕಾರಣ ಬೇರೆ — ಹೇಳಲು ಈಗಲೂ ನಾಚಿಕೆ. ಎಷ್ಟು ಗೋರಿಗಳ ಮುಂದೆ ನಿಂತು ನೀವು ಪುನರುತ್ಥಾನದ ಮಾತಾಡಿದ್ದನ್ನು ಕೇಳಿದ್ದೆ! ಹಿಂದೆ ನಿಂತು ಆಮೆನ್ ಎಂದವಳು ನಾನೇ. ನಮ್ಮದೇ ಮಗು ಹೋದಾಗ ಆ ಮಾತು ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ ಎಂದು ನನಗೆ ನಂಬಿಕೆ ಬರಲಿಲ್ಲ. ಊರಿಗೆಲ್ಲ ಕೊಟ್ಟ ಔಷಧ ನಿಮಗೇ ನಾಟುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ.

ಕ್ರಿಸ್ಮಸ್ ಹಬ್ಬ ಹತ್ತಿರ ಬಂತು. ಪ್ರತಿ ವರ್ಷದಂತೆ ಮಗುವಿಗೆ ಹೊಸ ಬಟ್ಟೆ ಆಗಲೇಬೇಕು ಎಂದು ಹಟ ಹಿಡಿದಿರಿ. ಪೇಟೆಗೆ ಹೋಗಿ ಹೂವಿನ ಚೀಟಿ ಬಟ್ಟೆ ತಂದೆ. ಹೊರಗೆ ಜಗಲಿಯ ಮೇಲೆ ಕೂತು ಹೊಲಿಯುತ್ತೇನೆ ಎಂದರೆ ನೀವು ಬಿಡಲಿಲ್ಲ, ನೋಡಬೇಕು ಎಂದಿರಿ. ಸತ್ತ ಮಗುವಿನ ಗೌನನ್ನು ನಿಮ್ಮ ಮಂಚದ ಪಕ್ಕದಲ್ಲೇ ಕೂತು ಹೊಲಿದೆ.

"ಸ್ವಲ್ಪ ದೊಡ್ಡದಾಗೇ ಇರ್ಲಿ ಕಣೇ ಸುಗುಣ. ಬೆಳೆಯೋ ಮಗು. ಕೆಳಗೊಂದು ಮಡಿಕೆ ಇಟ್ಟು ಹೊಲಿ, ಮುಂದಿನ ಹಬ್ಬಕ್ಕೆ ಬಿಚ್ಕೋಬೋದು."

ಇಟ್ಟೆ. ನಾಲ್ಕು ಬೆರಳಗಲದ ಮಡಿಕೆ. ನೀವು ಅಂಚನ್ನು ಎಳೆದು ನೋಡಿ, ಹೊಲಿಗೆ ಗಟ್ಟಿಯಾಗಿದೆ ಎಂದು ಮೆಚ್ಚಿಕೊಂಡಿರಿ. ಎಂಥ ಕಲ್ಲು ಹೆಂಗಸು ನಾನು!

ಪಕ್ಕದ ಮಂಚದಲ್ಲಿ ವಿದುರಾಶ್ವತ್ಥದ ಕಡೆಯ ರೈತ ನಾರಾಯಣಪ್ಪ ಇದ್ದರು. ಅದೇ ವಾರ ಅವರ ಮಗ ಬಾವಿಗೆ ಬಿದ್ದು ತೀರಿಕೊಂಡಿದ್ದ. ಮನೆಯವರು ಬಂದು, ವಾರ್ಡಿನಲ್ಲೇ ಗೊಳೋ ಎಂದು ಅತ್ತು, ಹೇಳಿ ಹೋಗಿದ್ದರು. ಅವರೂ ರೋಗಿಯೇ — ಅವರಿಗೆ ಯಾರೂ ಮುಚ್ಚಿಡಲಿಲ್ಲ. ಕ್ರಿಸ್ಮಸ್ ಬೆಳಿಗ್ಗೆ ನರ್ಸುಗಳು ಹಾಡಿ ಹೋದ ಮೇಲೆ ನೀವು ಗೋಡೆ ಹಿಡಿದು ಎದ್ದು, ಏದುಸಿರು ಬಿಡುತ್ತಾ ಅವರ ಮಂಚದ ತುದಿಯಲ್ಲಿ ಕೂತಿರಿ.

"ನಾರಾಯಣಪ್ಪ, ನಂಗೂ ಒಂದೇ ಮಗು, ಸುಖವಾಗೈತೆ. ನಿನ್ನ ಸಂಕಟ ನಂಗೆ ಗೊತ್ತು ಅಂದ್ರೆ ಸುಳ್ಳಾಗ್ತದೆ. ಆದ್ರೂ ಕೇಳಪ್ಪ — ಈವತ್ತು ಹುಟ್ಟಿದೋನು ಅಳೋರ ಮನೆ ಹುಡುಕ್ಕೊಂಡು ಬಂದೋನು. ಹೋದೋರು ಅವನ ಕೈಯಲ್ಲೇ ಅವ್ರೆ. ಮತ್ತೆ ಸಿಕ್ತಾರೆ."

"ನಿಮ್ಮ ಮಗು ಬದುಕೈತೆ ಸ್ವಾಮಿ. ನೀವು ಹೇಳ್ತೀರ," ಎಂದು ನಾರಾಯಣಪ್ಪ ಗೋಡೆಗೆ ಮುಖ ತಿರುಗಿಸಿದರು.

ನೀವು ಗೋಡೆ ಹಿಡಿದು ನಿಮ್ಮ ಮಂಚಕ್ಕೆ ಮರಳಿದಿರಿ. ಆ ಮನುಷ್ಯನಿಗೆ ಕೊಡಬೇಕಾದ ಉತ್ತರ ನನ್ನ ಹತ್ತಿರವಿತ್ತು. ಎದ್ದು ಒಂದು ಮಾತು ಹೇಳಿದ್ದರೆ — ನೀವು ಅವರ ಜೊತೆ ಕೂತು ಅಳುತ್ತಿದ್ದಿರಿ, ಅತ್ತು ಮತ್ತೆ ಅದೇ ಮಾತು ಹೇಳುತ್ತಿದ್ದಿರಿ, ಆಗ ಅವರು ಕೇಳುತ್ತಿದ್ದರೋ ಏನೋ... ನಾನು ಗೌನನ್ನು ಮಡಿಸುತ್ತಾ ಕೂತಿದ್ದೆ. ಮಗಳಿಗಾಗಿ ಅಳುವುದನ್ನೂ ನಿಮ್ಮಿಂದ ಕಿತ್ತುಕೊಂಡೆ, ನಿಮ್ಮ ಮಾತಿನ ತೂಕವನ್ನೂ ಕಿತ್ತುಕೊಂಡೆ.

ಇನ್ನೂ ಒಂದಿದೆ. ನಾರಾಯಣಪ್ಪ ಬೇಡವೆಂದ ಆ ಮಾತನ್ನು ಹಿಡಿದುಕೊಂಡವಳು ನಾನು. ಮತ್ತೆ ಸಿಕ್ತಾರೆ ಅಂದಿರಲ್ಲ — ಗೋರಿಗಳ ಮುಂದೆ ಎಷ್ಟು ಸಲ ಕೇಳಿದರೂ ಕಿವಿಗೆ ಮಾತ್ರ ಬೀಳುತ್ತಿದ್ದದ್ದು, ಆವತ್ತು ಕರುಳಿಗೆ ಇಳಿಯಿತು. ನಿಮ್ಮ ಮಗುವಿನ ಸಾವಿಗೆ ನಿಮಗೇ ಗೊತ್ತಿಲ್ಲದೆ ನೀವು ನನಗೆ ಸಮಾಧಾನ ಹೇಳಿದಿರಿ. ಕದ್ದ ಅನ್ನ ಉಂಡ ಹಾಗೆ ಉಂಡೆ. ಅದರಿಂದಲೇ ಇವತ್ತಿನವರೆಗೂ ಬದುಕಿದ್ದೇನೆ.

ಹೊಸ ವರ್ಷವನ್ನು ನೀವು ನೋಡಲಿಲ್ಲ. ಬಾಯಲ್ಲಿ ರಕ್ತ ಕಾಣಿಸಿಕೊಂಡ ದಿನ ನನ್ನನ್ನು ಹತ್ತಿರ ಕರೆದು, ಚಳಿ ಕಳೆಯಲಿ, ಕರುಣಾಳಿಗೆ ಆ ಗೌನು ಹಾಕಿಸಿ ಕರೆದುಕೊಂಡು ಬಾ, ಬಾಗಿಲ ಹೊರಗಿಂದಲಾದರೂ ತೋರಿಸು ಎಂದಿರಿ. ಹೂಂ ಎಂದೆ. ಆಗಲೂ ಹೂಂ ಎಂದೆ.

ನೀವು ಹೇಳಿದ್ದು ನಿಜವಾದರೆ, ಅಲ್ಲಿ ಅವಳು ಓಡಿಬಂದು ನಿಮ್ಮ ಕಾಲು ತಬ್ಬಿಕೊಂಡಿರಬೇಕು. ಚಿಂತಾಮಣಿಯಲ್ಲಿ ಇರಬೇಕಾದವಳು ಇಲ್ಲಿ ಹೇಗೆ — ಎಂದು ನೀವು ಬೆಪ್ಪಾಗಿ ನಿಂತಿರಬೇಕು. ಆ ಕ್ಷಣಕ್ಕೇ ನನ್ನ ಸುಳ್ಳು ಬಯಲಾಗಿರಬೇಕು. ಮೊದಮೊದಲು ನಿಮಗೆ ಗೊತ್ತಾಗದೇ ಹೋಗಲಿ ಎಂದು ಬೇಡಿಕೊಂಡದ್ದೂ ಉಂಟು. ಆದರೆ ಗೊತ್ತಾಗಬಾರದು ಎಂದರೆ ಅವಳು ನಿಮಗೆ ಸಿಕ್ಕಿರಬಾರದು. ಅದು ಬೇಡ. ಗೊತ್ತಾಗಿರಲಿ. ಅವಳು ನಿಮಗೆ ಸಿಕ್ಕಿರಲಿ.

ಕ್ಷಮಿಸಿ ಎಂದು ಕೇಳುವುದಿಲ್ಲ. ಬೈಯುವುದಿದ್ದರೆ ಎದುರಿಗೇ ಬೈಯಿರಿ. ಗೌನು ನನ್ನ ಟ್ರಂಕಿನಲ್ಲಿದೆ; ನನ್ನ ಜೊತೆ ಮಣ್ಣಿಗೆ ಇಡು ಎಂದು ತಮ್ಮನಿಗೆ ಹೇಳಿದ್ದೇನೆ. ಅಲ್ಲಿ ಮಕ್ಕಳು ಬೆಳೆಯುತ್ತಾರೋ ಇಲ್ಲವೋ ನನಗೆ ತಿಳಿಯದು — ನೀವು ಇಡಿಸಿದ ಮಡಿಕೆಯನ್ನು ಬಿಚ್ಚದೆ ಹಾಗೇ ಇಟ್ಟಿದ್ದೇನೆ. ಅವಳು ಬೆಳೆದಿದ್ದರೆ ನಿಮ್ಮೆದುರಿಗೇ ಬಿಚ್ಚುತ್ತೇನೆ.