ಭಾವನ ಖಾಲಿ ಡಬ್ಬಿ, ಅಕ್ಕನ ನಿದ್ದೆ

ಸಿರುಗುಪ್ಪದಲ್ಲಿ ಮನೆ ಕಟ್ಟಿಸುವಾಗ ಅಕ್ಕ ನನ್ನಲ್ಲಿ ಕೇಳಿದ್ದು ಒಂದೇ. "ಬ್ಯಾಸಗ್ಯಾಗ ಮಧ್ಯಾಹ್ನ ಊಟ ಆದಮ್ಯಾಲೆ ಒಂದ್ ತಾಸು ಕಣ್ಣು ಹತ್ತಬೇಕವಾ. ಅಂಥಾದೊಂದು ಜಾಗ ಮಾಡಿಕೊಡು, ಸಾಕು." ಮದುವೆಯಾಗಿ ಬಂದಾಗಿನಿಂದ ಕಾದ ಆರ್‌ಸಿಸಿ ಚಾವಣಿಯ ಕೆಳಗೆ, ಬಿಸಿಗಾಳಿಯನ್ನೇ ತಿರುಗಿಸುವ ಫ್ಯಾನಿನಡಿ ಹೊರಳಾಡಿದವಳು ಅವಳು. ಬೇಸಿಗೆ ಬಂತೆಂದರೆ ತಲೆನೋವು, ಕಣ್ಣುರಿ, ಮೈತುಂಬ ಬೆವರುಸಾಲೆ. ನಾನೋ ಬಳ್ಳಾರಿಯ ಪಾರ್ವತಿನಗರದಲ್ಲಿ ಆಫೀಸು ಇಟ್ಟುಕೊಂಡು ಊರವರ ಮನೆಗಳಿಗೆಲ್ಲ ನಕ್ಷೆ ಹಾಕುವವಳು. ಒಡಹುಟ್ಟಿದವಳಿಗೆ ಒಂದು ತಾಸಿನ ನಿದ್ದೆ ಕಟ್ಟಿಕೊಡಲಾರೆನೇ ಎಂದು ಹುಮ್ಮಸ್ಸಿನಿಂದಲೇ ಹೊರಟೆ.

ಅಡ್ಡ ಬಂದವರು ಭಾವ, ಅಕ್ಕಿ ಗಿರಣಿಯ ಯಜಮಾನರು. ಅವರಿಗೆ ಮನೆಯ ಮುಂಭಾಗಕ್ಕೆಲ್ಲ ನೀಲಿ ಗಾಜು ಬೇಕಿತ್ತು. ಸೈಟು ಇರುವುದು ಪಶ್ಚಿಮಕ್ಕೆ ಮುಖ ಮಾಡಿ!

"ಭಾವ, ಆ ಗಾಜಿನ ಹಿಂದ ಕುಂತ್ರ ಸಂಜಿ ಹೊತ್ತಿಗೆ ನೀವು ಹಪ್ಪಳ ಆಗಿರ್ತೀರಿ" ಎಂದೆ.

"ಗಾಜಿಲ್ಲ ಅಂದ್ರ ಮಂದಿ ಏನಂತಾರವಾ? ಗಿರಣಿ ಸಾಹುಕಾರ ಗೋದಾಮಿನ್ಯಾಗ ಸಂಸಾರ ಮಾಡ್ತಾನ ಅಂತಾರ."

ಜಗಳವಾಡಿ ಆಡಿ ಕೊನೆಗೆ ನಾನೇ ಗೆದ್ದೆ. ಹೊರಗೆ ಕುರುಗೋಡಿನ ಕಡೆಯ ಕಲ್ಲು, ಒಳಗೆ ಮಣ್ಣಿನ ಇಟ್ಟಿಗೆ, ನಡುವೆ ಗಾಳಿಗೆ ಒಂದಿಷ್ಟು ಜಾಗ. ಬಿಸಿಲಿನ ಏಟು ಅವೇ ತಿನ್ನಲಿ ಎಂದು ಪಶ್ಚಿಮಕ್ಕೆ ಮೆಟ್ಟಿಲು, ಉಗ್ರಾಣ. ಪಡಸಾಲೆಯ ಎತ್ತರದ ಚಾವಣಿಯೊಳಗೆ ಕಾವು ಕೆಳಗಿಳಿಯದಂತೆ ಬೋರಲು ಮಡಕೆಗಳು, ಮೇಲೆ ಸುಣ್ಣ, ಬಿಸಿಗಾಳಿ ಹೊರಗೆ ಹೋಗಲು ಗೋಡೆಯ ತುದಿಯಲ್ಲಿ ಕಿಂಡಿಗಳು. ಅಡುಗೆಮನೆಗೂ ಕಿಂಡಿ ಇಟ್ಟಿದ್ದೆ. ನಾನು ಊರಲ್ಲಿಲ್ಲದ ಹೊತ್ತು ನೋಡಿ ಭಾವ ಗೌಂಡಿಯನ್ನು ಕರೆಸಿ ಅದನ್ನು ಮುಚ್ಚಿಸಿಬಿಟ್ಟರು. ಒಗ್ಗರಣೆಯ ಘಾಟು ಮುಂಬಾಗಿಲಿಗೆ ಬಂದರೆ ಬಂದವರೆದುರು ಮರ್ಯಾದೆ ಏನಾಗಬೇಕು, ಎಂದರು. ಫೋನಿನಲ್ಲಿ ಗಂಟಲು ಹರಿಯುವಂತೆ ಕೂಗಾಡಿದೆ. ಮುಚ್ಚಿದ ಕಿಂಡಿ ಮುಚ್ಚಿದಂತೆಯೇ ಉಳಿಯಿತು.

ಗೃಹಪ್ರವೇಶಕ್ಕೆ ಬಂದವರೆಲ್ಲ ಪಡಸಾಲೆಗೆ ಕಾಲಿಟ್ಟವರೇ ಹಾ ಎಂದು ಉಸಿರು ಬಿಟ್ಟು, ಕತ್ತೆತ್ತಿ ಗೋಡೆಯಲ್ಲಿ ಎ.ಸಿ. ಹುಡುಕಿದರು. ಇಲ್ಲವೆಂದರೆ ಭಾವನ ಮುಖವನ್ನು ಕನಿಕರದಿಂದ ನೋಡಿದರು. ಆ ಕನಿಕರ ಭಾವನಿಗೆ ತಡೆಯಲಾಗಲಿಲ್ಲ. ಬಳ್ಳಾರಿಯ ಗುಜರಿ ಅಂಗಡಿಯಿಂದ ಎ.ಸಿ.ಯ ಹೊರಗಿನ ಡಬ್ಬಿಯೊಂದನ್ನು ತಂದು, ಒರೆಸಿ, ಮುಂಬಾಗಿಲ ಪಕ್ಕದ ಗೋಡೆಗೆ ತೂಗುಹಾಕಿದರು. ಒಳಗೆ ಮಷಿನ್ನಿಲ್ಲ, ವಯರಿಲ್ಲ, ಏನೂ ಇಲ್ಲ. ಜೊತೆಗೆ ಯಾವುದೋ ಒಂದು ರಿಮೋಟು.

"ಒಳಗಿನ ಭಾಗ ಎಲ್ಲೈತ್ರಿ?" ಎಂದು ಯಾರಾದರೂ ಕೇಳಿದರೆ, "ಗೋಡಿಯೊಳಗ ಹುದುಗಿಸೀವ್ರಿ, ಹೊಸಾ ಮಾಡಲ್" ಎನ್ನುತ್ತಿದ್ದರು.

ನಂಬದವರಿಲ್ಲ. ಒಮ್ಮೆ ಅವರ ದೊಡ್ಡವ್ವ ಬಂದವರು ಸೆರಗು ಹೊದ್ದುಕೊಂಡು, "ಸ್ವಲ್ಪ ಕಡಿಮಿ ಮಾಡಪಾ, ಮೈ ಜುಮ್ ಅನ್ನಾಕತ್ತೈತಿ" ಎಂದರು. ಭಾವ ಗಂಭೀರವಾಗಿ ಗೋಡೆಯ ಕಡೆ ರಿಮೋಟು ಒತ್ತಿದರು. "ಹಾಂ, ಈಗ ಸರಿ ಆತು ನೋಡು" ಎಂದಿತು ಆ ಜೀವ. ಕರೆಂಟು ಹೋದಾಗಲೂ ಪಡಸಾಲೆ ತಣ್ಣಗೇ ಇದ್ದದ್ದು ಕಂಡು ನೆರೆಯವರೊಬ್ಬರು ಕಂಪನಿಯ ಹೆಸರು ಬರೆದುಕೊಂಡು ಹೋದರು. ನಾನು ಕಟ್ಟಿದ ಗೋಡೆಯ ಹೆಸರು ಯಾರೂ ಕೇಳಲಿಲ್ಲ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಡಬ್ಬಿಯ ಗುಟ್ಟು ಹೊರಬಿದ್ದದ್ದು ಭಾವನ ತೆಕ್ಕಲಕೋಟೆಯ ಸ್ನೇಹಿತರೊಬ್ಬರಿಂದ. ಅವರದು ಗಾಜಿನ ಮನೆ. ಡಬ್ಬಿಯ ಮೇಲಿನ ಹೆಸರು ನೋಡಿ ಅದೇ ಎ.ಸಿ. ಹಾಕಿಸಿಕೊಂಡರೂ ಬೆವರು ನಿಲ್ಲಲಿಲ್ಲವೆಂದು, ನಮ್ಮದನ್ನು ನೋಡಿ ಕಲಿಯಲಿ ಎಂದು ಮೆಕ್ಯಾನಿಕ್ಕನನ್ನೇ ಕರೆತಂದರು. ಭಾವ ಬೇಡ ಬೇಡ ಎನ್ನುವಷ್ಟರಲ್ಲಿ ಅವನು ಸ್ಕ್ರೂ ಬಿಚ್ಚಿಯಾಗಿತ್ತು. ಒಳಗೆ ಪಾರಿವಾಳದ ಗೂಡು, ಅದರಲ್ಲಿ ಮೊಟ್ಟೆ.

"ಯಜಮಾನ್ರ, ಇದರಾಗ ಮಷಿನ್ನಽ ಇಲ್ಲಲ್ರಿ!"

ಆ ಸ್ನೇಹಿತರು ಪಡಸಾಲೆಗೆ ಹೋದರು, ಬಿಸಿಲಿಗೆ ಬಂದರು, ಮತ್ತೆ ಒಳಗೆ ಹೋದರು. "ಮಷಿನ್ ಇಲ್ದಽ ಹಿಂಗೈತೇನ್ರೀ?" ಎಂದು ಕಣ್ಣರಳಿಸಿದರು.

ಅಂದಿನಿಂದ ಭಾವ ಬೇರೆ ಮನುಷ್ಯ. "ನಾನಽ ಹೇಳಿದ್ದು, ಗಾಜು ಬ್ಯಾಡಽ ಬ್ಯಾಡ ಅಂತ" ಎಂದು ಬಂದವರಿಗೆ ಗೋಡೆ ತಟ್ಟಿ ತೋರಿಸತೊಡಗಿದರು. ನಾನು ಎದುರಿಗೇ ಕೂತಿದ್ದಾಗಲೂ! ಸುದ್ದಿ ಹಬ್ಬಿತು. ರಾರಾವಿಯಿಂದೆಲ್ಲ ಜನ ಗಾಡಿ ಮಾಡಿಕೊಂಡು ಬಂದರು, ಅದೂ ಸುಡುಮಧ್ಯಾಹ್ನವೇ. ತಂಪು ನೋಡಬೇಕಾದರೆ ಆಗಲೇ ಅಲ್ಲವೇ ನೋಡಬೇಕು. ಬಂದವರನ್ನು ಬರೀ ನೀರು ಕೊಟ್ಟು ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ, ಚಹಾ ಆಗಲೇಬೇಕು. ಹೀಗಾಗಿ ಊರಿಗೆಲ್ಲ ತಂಪು ಹಂಚುವ ಆ ಮನೆಯಲ್ಲಿ ಅಕ್ಕನೊಬ್ಬಳು ಮಾತ್ರ ಕಿಂಡಿ ಮುಚ್ಚಿದ ಅಡುಗೆಮನೆಯಲ್ಲಿ ಎಣ್ಣೆ ಬಾಣಲೆಯ ಮುಂದೆ ನಿಂತಿರುತ್ತಿದ್ದಳು. ಅವಳ ಕುತ್ತಿಗೆಯ ತುಂಬ ಮತ್ತೆ ಬೆವರುಸಾಲೆ. ಒಂದು ಮಧ್ಯಾಹ್ನ ಅದನ್ನು ನೋಡಿ ನನಗೆ ಸಂಕಟವಾಯಿತು. ಭಾವನ ಮೇಲೆ ಬಂದ ಸಿಟ್ಟಿಗೆ ಬಾಯಿಗೆ ಬಂದದ್ದು ಬೈಯಲೆಂದು ಪಡಸಾಲೆಗೆ ಹೋದೆ.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಕ್ಕನೇ ಬಂದಳು, ಬಗಲಲ್ಲಿ ಚಾಪೆ. ಮನೆ ನೋಡಲು ಬಂದು ಸುತ್ತ ಕೂತವರ ನಟ್ಟನಡುವೆ ಅದನ್ನು ಹಾಸಿದಳು.

"ಏ, ಮಂದಿ ಅದಾರ…" ಎಂದರು ಭಾವ.

"ಇರ್ಲಿ ಬಿಡ್ರಿ. ಅವರೂ ತಂಪಿಗೇ ಬಂದಾರ, ನಾನೂ ತಂಪಿಗೇ ಬಂದೀನಿ. ಹಿಟ್ಟು ಕಲಸಿಟ್ಟೀನಿ, ಮೆಣಸಿನಕಾಯಿ ಸೀಳಿಟ್ಟೀನಿ, ಎಣ್ಣಿ ಕಾಯಾಕತ್ತೈತಿ. ಕರೀರಿ ಹೋಗ್ರಿ."

ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮಲಗಿಯೇಬಿಟ್ಟಳು. ಜನ ಕಾಲು ಮಡಚಿ ಜಾಗ ಬಿಟ್ಟರು. ಭಾವ ನನ್ನನ್ನು ನೋಡಿದರು, ನಾನು ಮಡಕೆ ಚಾವಣಿಯನ್ನು ನೋಡಿದೆ. ಬೇರೆ ದಾರಿ ಕಾಣದೆ ಎದ್ದು ಅಡುಗೆಮನೆಗೆ ಹೋದರು. ತುಸು ಹೊತ್ತಿಗೆ ಅಂಗಿಯೆಲ್ಲ ತೊಯ್ದು, ಜಾಲರಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ಪಿಸುಗುಟ್ಟಿದರು: "ಯವ್ವಾ, ಒಳಗ ನಿಲ್ಲಾಕಽ ಆಗವಲ್ದು. ಆ ಗೌಂಡಿನ್ನ ನಾಳೆನಽ ಕರಸು."

ಅಷ್ಟರಲ್ಲಿ ಅಕ್ಕನ ಗೊರಕೆ ಶುರುವಾಗಿತ್ತು. ಅದನ್ನು ಕೇಳುತ್ತ ನನ್ನ ಕಣ್ಣು ತುಂಬಿ ಬಂತು. ನೋಡಲು ಬಂದವರಲ್ಲಿ ಪಕ್ಕದಲ್ಲಿದ್ದ ಒಬ್ಬರು ದನಿ ತಗ್ಗಿಸಿ, "ಮೇಡಂ, ನಮಗೂ ಇಂಥಾದಽ ಒಂದು ಮನಿ ಮಾಡಿಕೊಡ್ರಿ" ಎಂದರು.

"ಮಾಡೂಣ್ರಿ" ಎಂದೆ. "ಮೊದಲು ಹೇಳ್ರಿ, ನಿಮ್ಮ ಮನ್ಯಾಗ ಮಿರ್ಚಿ ಕರಿಯೋರು ಯಾರು?"