ಅರವತ್ತಕ್ಕೆ ಮುಗಿಯುವ ಕ್ಷೌರ

ನನ್ನ ತಲೆಯ ಮೇಲೆ ಉಳಿದಿರುವ ನಾಲ್ಕು ಕೂದಲಿಗೆ ತಿಂಗಳಿಗೊಮ್ಮೆ ಕ್ಷೌರದಂಗಡಿಗೆ ಹೋಗುವುದು ದಂಡ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತು ಸರಿಯೇ. ಆದರೂ ಹೋಗುತ್ತೇನೆ. ಇಪ್ಪತ್ತೆಂಟು ವರ್ಷ ಮುದ್ರಣಾಲಯದಲ್ಲಿ ಕೂತು ಕರಡು ತಿದ್ದಿದವನಿಗೆ, ಬೇರೊಬ್ಬರು ತಲೆ ಹಿಡಿದು ಅತ್ತಿತ್ತ ತಿರುಗಿಸುವಾಗ ಸಿಗುವ ನೆಮ್ಮದಿ ಇನ್ನೆಲ್ಲೂ ಸಿಕ್ಕಿಲ್ಲ.

ನಾನು ತಲೆ ಕೊಡುವುದು ಚಕಚಕಣ್ಣನಿಗೆ. ಹೆತ್ತವರಿಟ್ಟ ಹೆಸರು ಅಂಗಡಿಯ ಪರವಾನಗಿಯ ಮೇಲಿದೆ, ಅದನ್ನು ಯಾರೂ ಓದುವುದಿಲ್ಲ. ಅವನ ಕತ್ತರಿ ಎಂದೂ ಸುಮ್ಮನಿರುವುದಿಲ್ಲ. ಒಮ್ಮೆ ಕೂದಲು ಕತ್ತರಿಸಿದರೆ ನಾಲ್ಕು ಸಲ ಗಾಳಿಯನ್ನು ಕತ್ತರಿಸುತ್ತದೆ. ಬಾಚಣಿಗೆ ಹಿಡಿದ ಕೈ ಮುಂದಿನ ಜಾಗ ಹುಡುಕುವಷ್ಟರಲ್ಲಿ ಕತ್ತರಿ ಹಿಡಿದ ಕೈ ಚಕ್ ಚಕ್ ಚಕ್ ಎನ್ನುತ್ತಲೇ ಇರುತ್ತದೆ. ಕಸುಬಿನವರಿಗೆಲ್ಲ ಈ ಚಾಳಿ ಅಷ್ಟಿಷ್ಟು ಇರುತ್ತದೆ. ಇವನದು ಬೀದಿ ತುದಿಗೆ ಕೇಳುವಂಥದ್ದು. ಅದು ಅವನ ಹೆಮ್ಮೆ ಕೂಡ.

ಅವನಿಗೆ ಒಬ್ಬಳೇ ಮಗಳು, ಪುಟ್ಟಿ. ನಾನು ಹೇಳಹೊರಟದ್ದು ನಡೆದಾಗ ಅವಳಿಗೆ ಒಂಬತ್ತು ವರ್ಷ. ಆಟಿಸಂ ಇದೆ ಎಂದು ಮೂರನೇ ವಯಸ್ಸಿನಲ್ಲಿ ಡಾಕ್ಟರು ಹೇಳಿದ್ದರು. ಮಾತು ಬೆರಳೆಣಿಕೆಯಷ್ಟೇ. ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ, ನಮ್ಮ ಕೈ ಹಿಡಿದು ಅಲ್ಲಿಗೆ ಎಳೆದುಕೊಂಡು ಹೋಗುತ್ತಾಳೆ. ಅವಳನ್ನು ನೋಡಿಕೊಂಡದ್ದೆಲ್ಲ ತಾಯಿ. ಊಟ, ಸ್ನಾನ, ವಿಶೇಷ ಶಾಲೆ, ರಸ್ತೆಯಲ್ಲಿ ಹಾರನ್ ಕೇಳಿ ಕಿವಿ ಮುಚ್ಚಿ ಕೂತುಬಿಟ್ಟರೆ ಎಬ್ಬಿಸುವುದು, ಎಲ್ಲವೂ. ಚಕಚಕಣ್ಣ ಬೆಳಿಗ್ಗೆ ಅಂಗಡಿಗೆ ಹೋಗುವವನು, ಸಂಜೆ ಬರುವವನು. ಅವನು ಕೆಟ್ಟ ಅಪ್ಪನಾಗಿರಲಿಲ್ಲ, ಆದರೆ ಅಪ್ಪನಾಗುವ ಕೆಲಸವನ್ನು ಹೆಂಡತಿಗೆ ವಹಿಸಿ ಹಾಯಾಗಿದ್ದ.

ಪುಟ್ಟಿಯ ಕೂದಲನ್ನೂ ತಾಯಿಯೇ ಕತ್ತರಿಸುತ್ತಿದ್ದಳು, ಅಡುಗೆಮನೆಯ ಕಿಟಕಿ ಹತ್ತಿರ ಸ್ಟೂಲಿನ ಮೇಲೆ ಕೂರಿಸಿ, ಹಾಲಿನ ಪೊಟ್ಟಣ ಕತ್ತರಿಸುವ ಕತ್ತರಿಯಲ್ಲಿ. ಅಪ್ಪ ಅಂಗಡಿಯಲ್ಲಿದ್ದಾಗಲೇ ಅದು ನಡೆಯುತ್ತಿತ್ತು. ಬಲಗಡೆ ಚೆನ್ನಾಗಿರುತ್ತಿತ್ತು, ಎಡಗಡೆ ಮಾತ್ರ ಯಾವಾಗಲೂ ಒಂದು ಬೆರಳು ಉದ್ದ. "ಇಲಿ ಕಡಿದ ಹಾಗಿದೆಯಲ್ಲೇ, ಕತ್ತರೀಲಿ ಇನ್ನೆರಡು ಏಟು ಹಾಕೋಕೆ ನಿಂಗೇನು ಕೈ ನೋವಾ?" ಎಂದು ಅವನು ನಗುತ್ತಿದ್ದ. ಅವಳು, "ಅಷ್ಟೇ ಆಗೋದು" ಎನ್ನುತ್ತಿದ್ದಳು. ನಗುವುದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಗಿರಾಕಿಗಳಿರುವಾಗ ಮಗಳನ್ನು ಅಂಗಡಿಯ ಮುಂಬಾಗಿಲಿನಿಂದ ಕರೆದುಕೊಂಡು ಬರಬೇಡ ಎಂದೂ ಹೇಳಿದ್ದ. ಕ್ಷೌರಿಕನ ಮಗಳ ತಲೆ ಹೀಗಿದೆ ಎಂದು ಜನ ಆಡಿಕೊಳ್ಳುತ್ತಾರೆಂಬ ಅಂಜಿಕೆ.

ಆ ಹೆಂಡತಿ ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದವಳು ಕುಸಿದುಬಿದ್ದಳು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಮೂರು ದಿನ ಆಸ್ಪತ್ರೆಯಲ್ಲಿದ್ದು ಹೋದಳು, ಒಂದು ಮಾತೂ ಹೇಳಲಿಲ್ಲ. ಹೇಳಬೇಕಾದ್ದು ಬಹಳ ಇತ್ತೆಂದು ಚಕಚಕಣ್ಣನಿಗೆ ತಿಳಿದದ್ದು ಆಮೇಲೆ. ಪುಟ್ಟಿ ಯಾವ ಲೋಟದಲ್ಲಿ ನೀರು ಕುಡಿಯುತ್ತಾಳೆ, ಯಾವ ಚಪ್ಪಲಿ ಮೊದಲು ಹಾಕಬೇಕು, ಬಾಗಿಲಲ್ಲಿ ಎಷ್ಟು ಹೊತ್ತು ನಿಲ್ಲಲು ಬಿಡಬೇಕು, ಒಂದೊಂದನ್ನೂ ಅವನು ಎಡವಿ ಎಡವಿಯೇ ಕಲಿತ. ಶಾಲೆ ಮುಗಿದ ಮೇಲೆ ಅವಳನ್ನು ಅಂಗಡಿಗೆ ತಂದು, ಪರದೆಯ ಹಿಂದಿನ ಸಣ್ಣ ಕೋಣೆಯಲ್ಲಿ ಕೂರಿಸಿ, ರೇಡಿಯೋ ಜೋರಾಗಿ ಹಾಕುತ್ತಿದ್ದ. ಒಳಗೆ ಅವಳು ಏನೋ ಗುನುಗುತ್ತಿದ್ದಳು. ಗಿರಾಕಿಗಳಿಗೆ ಕೇಳದಿರಲಿ ಎಂದೇ ರೇಡಿಯೋ.

ಒಂಬತ್ತು ತಿಂಗಳಲ್ಲಿ ಅವನು ಬಹುಪಾಲು ಎಲ್ಲ ಕಲಿತ, ಕೂದಲೊಂದನ್ನು ಬಿಟ್ಟು.

ಊರಿನ ಅರ್ಧ ತಲೆಗಳನ್ನು ದಾರಿಗೆ ತಂದವನಿಗೆ ಸ್ವಂತ ಮಗಳ ತಲೆ ಮುಟ್ಟಲಾಗಲಿಲ್ಲ. ಅಂಗಡಿಯ ಕುರ್ಚಿಯಲ್ಲಿ ಕೂರಿಸಿದ, ಮನೆಯಲ್ಲಿ ಕೂರಿಸಿದ, ಮಲಗಿಸಿ ನೋಡಿದ. ಹೊಸ ಕತ್ತರಿ, ಹಳೆ ಕತ್ತರಿ ಎರಡೂ ಆಯಿತು. ಮೊದಲ ಏಟಿಗೆ ಅವಳು ಸುಮ್ಮನಿರುತ್ತಿದ್ದಳು. ಆಮೇಲೆ "ಒಂದು! ಒಂದು! ಒಂದು!" ಎಂದು ಕಿರುಚಿ, ಭೂಮಿ ಆಕಾಶ ಒಂದು ಮಾಡಿ, ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಿದ್ದಳು. ಒಂದು ಏಟು ಸಾಕು ಎನ್ನುತ್ತಾಳೆ ಅಂದುಕೊಂಡು ಅವನು ಕತ್ತರಿ ಕೆಳಗಿಡುತ್ತಿದ್ದ. ಬಾಚಲೂ ಬಿಡದ ಕೂದಲು ಜಡೆಗಟ್ಟಿತು. ಕತ್ತಿನ ಹಿಂದೆ ಗಂಟಿನಡಿ ಚರ್ಮ ಕಿತ್ತು ಹುಣ್ಣಾಯಿತು.

ಪಕ್ಕದ ಊರಿನಲ್ಲಿದ್ದ ಅವನ ಅಕ್ಕ ಬಂದು ನೋಡಿದಳು. ಗಂಡಸಿನಂಥ ಗಂಟಲು, ಒಳ್ಳೆಯ ಮನಸ್ಸು. "ಇಂಥ ಮಕ್ಕಳನ್ನ ನೋಡ್ಕೊಳ್ಳೋ ವಸತಿಶಾಲೆ ಇದೆ ಕಣೋ. ಅರ್ಜಿ ತಂದಿದೀನಿ, ಸಹಿ ಹಾಕು" ಎಂದಳು.

"ಬೇಡಕ್ಕ. ನಾನೇ ನೋಡ್ಕೋತೀನಿ."

"ಏನು ನೋಡ್ಕೋತೀಯ? ಕಸುಬಿನವನಾಗಿ ಮಗಳ ಕೂದಲು ಕತ್ತರಿಸೋಕಾಗ್ಲಿಲ್ಲ ನಿಂಗೆ. ನಾಳೆ ದೊಡ್ಡವಳಾಗ್ತಾಳೆ, ಆಗೇನು ಮಾಡ್ತೀಯ?" ಅವಳು ಅರ್ಜಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. "ಮುಂದಿನ ಭಾನುವಾರ ಬರ್ತೀನಿ. ಅಷ್ಟರಲ್ಲಿ ಕೂದಲು ಕತ್ತರಿಸಿರು, ಬಾಯಿ ಮುಚ್ಕೊಂಡು ವಾಪಸ್ ಹೋಗ್ತೀನಿ. ಇಲ್ಲಾಂದ್ರೆ ಆಸ್ಪತ್ರೇಲಿ ಮಂಪರಿನ ಮದ್ದು ಕೊಟ್ಟು ಬೋಳಿಸಿ, ಅಲ್ಲಿಂದಲೇ ಕರ್ಕೊಂಡು ಹೋಗ್ತೀನಿ."

ಇದನ್ನೆಲ್ಲ ಅವನು ನನಗೆ ಹೇಳಿದ್ದು ಆ ಬುಧವಾರ, ನನ್ನ ಕತ್ತಿಗೆ ಬಿಳಿ ಬಟ್ಟೆ ಕಟ್ಟುತ್ತ. ನಾನು ಹೂಂಗುಟ್ಟಿದೆ. ಬೇರೆಯವರ ಸಂಸಾರದಲ್ಲಿ ಮೂಗು ತೂರಿಸುವ ಅಭ್ಯಾಸ ನನಗಿಲ್ಲ. ತಪ್ಪು ಕಂಡರೆ ಅಂಚಿನಲ್ಲಿ ಗುರುತು ಹಾಕಿ ಮುಂದಿನ ಪುಟಕ್ಕೆ ಹೋಗುವವನು ನಾನು.

ಅರ್ಧದಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ರೇಡಿಯೋ ನಿಂತಿತು. ಕನ್ನಡಕ ತೆಗೆದಿಟ್ಟಿದ್ದ ನನಗೆ ಕನ್ನಡಿಯಲ್ಲಿ ಒಂದು ಬಿಳಿ ಮುದ್ದೆ ಬಿಟ್ಟು ಏನೂ ಕಾಣುತ್ತಿರಲಿಲ್ಲ, ಹಾಗಾಗಿ ಕಿವಿ ಚುರುಕಾಯಿತು. ಪರದೆಯ ಹಿಂದಿನ ಗುನುಗು ಮೊದಲ ಸಲ ಸರಿಯಾಗಿ ಕೇಳಿಸಿತು.

"ಒಂದು. ಎರಡು. ಒಂದು, ಒಂದು, ಒಂದು. ಎರಡು. ಒಂದು, ಒಂದು."

"ಪುಟ್ಟಿ ಏನೋ ಎಣಿಸ್ತಿದಾಳಲ್ಲಯ್ಯ" ಎಂದೆ.

"ಅದು ಯಾವಾಗಲೂ ಹಂಗೇ ಸಾರ್. ಎರಡರ ಮೇಲೆ ಹೋಗಲ್ಲ."

ಒಂದು ಸಾಲಿನಲ್ಲಿ ಒಂದೇ ತಪ್ಪು ಮೂರು ಸಲ ಬಂದರೆ ಅದು ಕೈತಪ್ಪಲ್ಲ, ಅದಕ್ಕೊಂದು ಕಾರಣವಿರುತ್ತದೆ. ನನ್ನ ಕಸುಬು ಕಲಿಸಿದ್ದು ಇಷ್ಟೇ. ಕೇಳುತ್ತ ಕೂತೆ. ಕತ್ತರಿಗೆ ಕೂದಲು ಸಿಕ್ಕಾಗ ಕರಕ್ ಎನ್ನುತ್ತಿತ್ತು, ಅವಳು ಮುಂದಿನ ಅಂಕಿ ಹೇಳುತ್ತಿದ್ದಳು. ಗಾಳಿಯಲ್ಲಿ ಚಕ್ ಎಂದಾಗ ಮತ್ತೆ ಒಂದಕ್ಕೆ ಬರುತ್ತಿದ್ದಳು. ನನ್ನ ತಲೆಯ ಮೇಲೆ ಕರಕ್‌ಗಿಂತ ಚಕ್ ಜಾಸ್ತಿಯಾಗುವುದು ಸಹಜ.

"ಚಕಚಕಣ್ಣ, ಕತ್ತರಿ ಸುಮ್ಮನೆ ಆಡಿಸ್ಬೇಡ. ಕೂದಲು ಸಿಕ್ಕಿದರೆ ಮಾತ್ರ ಹಾಕು."

ಅವನಿಗೆ ಅರ್ಥವಾಗಲಿಲ್ಲ, ಆದರೂ ಹಾಗೇ ಮಾಡಿದ. ಕರಕ್. "ಎರಡು." ಕರಕ್. "ಮೂರು." ಕರಕ್. "ನಾಲ್ಕು." ಆಮೇಲೆ ಕೈ ತಡೆಯದೆ ಚಕ್ ಎಂದುಬಿಟ್ಟಿತು. "ಒಂದು" ಎಂದಳು ಪುಟ್ಟಿ, ಅಳುವ ದನಿಯಲ್ಲಿ.

ಕ್ಷೌರಿಕನ ಕೈ ನನ್ನ ತಲೆಯ ಮೇಲೆ ಹಾಗೇ ನಿಂತಿತು. ಅವನು ಮೆಲ್ಲಗೆ ಮತ್ತೆ ಶುರುಮಾಡಿದ. ಒಂದೊಂದು ಏಟಿಗೂ ಹೆಬ್ಬೆರಳನ್ನು ಕತ್ತರಿಯ ಉಂಗುರದಿಂದ ಹೊರಗೆ ತೆಗೆಯುತ್ತಿದ್ದ, ಕೈ ಮೋಸ ಮಾಡಬಾರದೆಂದು. ಹತ್ತಾಯಿತು, ಇಪ್ಪತ್ತಾಯಿತು. ಐವತ್ತಕ್ಕೆ ನನ್ನ ಬಲಗಡೆ ಮುಗಿದು ಎಡಗಡೆ ಆಗತಾನೇ ಶುರುವಾಗಿತ್ತು. ಅರವತ್ತಕ್ಕೆ ಪರದೆ ಸರಿಯಿತು. ಪುಟ್ಟಿ ನೇರ ಬಂದು ನನ್ನ ಕತ್ತಿನ ಬಟ್ಟೆ ಎಳೆದು ಕೆಳಗೆ ಹಾಕಿ, "ಆಯ್ತು. ಇಳಿ" ಎಂದಳು.

ಅದು ಅವಳ ದನಿಯಲ್ಲ, ತಾಯಿಯ ದನಿ. ಅದೇ ಒತ್ತು, ಅದೇ ನಿಲುಗಡೆ. ಚಕಚಕಣ್ಣ ಕತ್ತರಿ ಕೆಳಗಿಟ್ಟ. ಅಷ್ಟು ದಿನ ತನ್ನ ಮಗಳು ಏನು ಹೇಳಿ ಕಿರುಚುತ್ತಿದ್ದಳೆಂದು ಅವನಿಗೆ ಆಗ ಗೊತ್ತಾಯಿತು. ತಾಯಿಯ ಕೈಯಲ್ಲಿ ಕ್ಷೌರಕ್ಕೆ ಒಂದು ಕೊನೆಯಿತ್ತು, ಏಟು ಎಣಿಸುತ್ತ ಹೋದರೆ ಅರವತ್ತಕ್ಕೆ ಮುಗಿಯುತ್ತಿತ್ತು. ಅಪ್ಪನ ಕೈಯಲ್ಲಿ ಅದು ಪ್ರತಿ ಗಳಿಗೆಯೂ ಮತ್ತೆ ಒಂದರಿಂದ ಶುರುವಾಗುತ್ತಿತ್ತು, ಎಂದೆಂದಿಗೂ ಮುಗಿಯುವಂತಿರಲಿಲ್ಲ.

"ಒಂದ್ನಿಮಿಷ ಸಾರ್, ಎಡಗಡೆ ಸ್ವಲ್ಪ ಇದೆ" ಎಂದ ಅವನು, ಅಭ್ಯಾಸಬಲದಿಂದ.

"ಬೇಡ ಬಿಡು. ಇಳಿ ಅಂದಿದಾಳೆ" ಎಂದು ಇಳಿದೆ. ಮನೆಯಲ್ಲಿ ಹೆಂಡತಿ ನನ್ನನ್ನು ನೋಡಿ, ಇದಕ್ಕೂ ಕೂಲಿ ಕೊಟ್ಟು ಬಂದಿರಾ ಎಂದಳು.

ಮೂರು ದಿನ ಅವನು ಕತ್ತರಿಯ ಬಾಯಿ ಕಟ್ಟಿದ. ಸದ್ದಿಲ್ಲದ ಕ್ಷೌರ ಗಿರಾಕಿಗಳಿಗೆ ರುಚಿಸಲಿಲ್ಲ. ಹುಷಾರಿಲ್ಲವೇ ಎಂದರು, ಕೈ ನಿಧಾನವಾಯಿತಲ್ಲ ಎಂದರು. ಮೂವತ್ತು ವರ್ಷದ ಚಾಳಿ ಮೂರು ದಿನದಲ್ಲಿ ಬಿಡಬೇಕಾಗಿತ್ತು. ಭಾನುವಾರ ಬೆಳಿಗ್ಗೆ ಅಕ್ಕ ಬಂದಾಗ ಅವಳನ್ನು ಹೊರಗಿನ ಕೋಣೆಯಲ್ಲಿ ಕೂರಿಸಿ, ಏನು ಕೇಳಿಸಿದರೂ ಒಳಗೆ ಬರಬೇಡ ಎಂದು ಹೇಳಿ, ಅಡುಗೆಮನೆಯ ಕಿಟಕಿಯ ಹತ್ತಿರ ಸ್ಟೂಲು ಹಾಕಿದ. ಹಾಲಿನ ಪೊಟ್ಟಣದ ಕತ್ತರಿ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಮುಂದಿನದನ್ನು ಅವನು ಹೇಳಿದ ಹಾಗೇ ಹೇಳುತ್ತೇನೆ.

ಅರವತ್ತು ಏಟನ್ನು ಎಲ್ಲೆಲ್ಲಿ ಹಾಕುವುದೆಂದು ಅವನು ಮೊದಲೇ ಯೋಚಿಸಿದ್ದ. ಕತ್ತಿನ ಹಿಂದಿನ ಗಂಟು ಮೊದಲು, ಹುಣ್ಣಿಗೆ ಗಾಳಿ ತಾಗಬೇಕು. ಅದೊಂದೇ ಇಪ್ಪತ್ತೆರಡು ಏಟು ತಿಂದಿತು. ಆಮೇಲೆ ಬಲಗಡೆ. ಪುಟ್ಟಿ ಕಿಟಕಿಯ ಸರಳು ಹಿಡಿದು, ಹೊರಗೆ ನೋಡುತ್ತ, ಎಣಿಸುತ್ತ ಕೂತಿದ್ದಳು. ಅವಳ ಭುಜ ಸಡಿಲವಾಗಿತ್ತು. ತನ್ನ ಕೈಕೆಳಗೆ ಮಗಳು ಹಾಗೆ ಕೂತದ್ದನ್ನು ಅವನು ನೋಡಿದ್ದು ಅದೇ ಮೊದಲು. ಐವತ್ತೆಂಟಕ್ಕೆ ನೋಡಿದರೆ ಎಡಗಡೆ ಇನ್ನೂ ಒಂದು ಬೆರಳು ಉದ್ದ.

"ಅಲ್ಲಿ ನಂಗೊಂದು ಆಸೆ ಬಂತು ಸಾರ್," ಎಂದ. "ಒಂದೇ ಒಂದು ಸಲ ಗಾಳೀಲಿ ಚಕ್ ಅನ್ನಿಸಿದ್ರೆ ಅವಳು ಮತ್ತೆ ಒಂದಕ್ಕೆ ಹೋಗ್ತಾಳೆ. ನಂಗೆ ಇನ್ನೂ ಅರವತ್ತು ಸಿಗುತ್ತೆ. ಎಡಗಡೆ ಸರಿಮಾಡಿ ಅಕ್ಕನ ಮುಂದೆ ನಿಲ್ಲಿಸ್ಬಹುದು. ಬೆರಳು ಅಲ್ಲಾಡಿತ್ತು ಕೂಡ."

"ಮತ್ತೆ?"

"ನನ್ನ ನಂಬಿ ಕೂತಿದ್ಲು ಸಾರ್."

ಐವತ್ತೊಂಬತ್ತು, ಅರವತ್ತು. "ಆಯ್ತು. ಇಳಿ" ಎಂದು ಅವಳೇ ಹೇಳಿಕೊಂಡು ಇಳಿದಳು. ಅಕ್ಕ ಒಳಗೆ ಬಂದು ನೆಲದ ಮೇಲಿನ ಗಂಟು ನೋಡಿದಳು, ಪುಟ್ಟಿಯ ತಲೆ ನೋಡಿದಳು. "ಇದೇನೋ ಇದು, ಒಂದು ಕಡೆ ಉದ್ದ ಬಿಟ್ಟಿದೀಯ? ಇನ್ನೆರಡು ಏಟು ಹಾಕೋಕೆ ಏನಾಗಿತ್ತು ನಿಂಗೆ?"

"ಅಷ್ಟೇ ಆಗೋದು ಅಕ್ಕ" ಎಂದ. ಎಂದ ಮೇಲೆ, ಆ ಮಾತು ಯಾರದೆಂದು ನೆನಪಾಗಿ, ಕತ್ತರಿ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತುಬಿಟ್ಟ. ಅಕ್ಕ ಅರ್ಜಿಯನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಪೊರಕೆ ಹುಡುಕಿ ಕೂದಲು ಗುಡಿಸಿ, ಸಂಜೆಯ ಬಸ್ಸಿಗೆ ಹೋದಳು.

ಈಗ ಪುಟ್ಟಿ ಅಂಗಡಿಗೆ ಮುಂಬಾಗಿಲಿನಿಂದಲೇ ಬರುತ್ತಾಳೆ. ರೇಡಿಯೋ ಇಲ್ಲ, ಪರದೆಯನ್ನೂ ಕಿತ್ತುಹಾಕಿದ್ದಾನೆ. ಹೋದ ತಿಂಗಳು ನಾನು ಸರದಿಗೆ ಕಾಯುತ್ತಿದ್ದಾಗ ಹೊಸ ಗಿರಾಕಿಯೊಬ್ಬ ಅವಳ ತಲೆ ನೋಡಿ, "ನಿಮ್ಮ ಮಗಳಾ? ಯಾರ್ರೀ ಹೀಗೆ ಕತ್ತರಿಸಿದ್ದು, ಇಲಿ ಕಡಿದ ಹಾಗೆ?" ಎಂದು ನಕ್ಕ.

"ನಾನೇ," ಎಂದ ಚಕಚಕಣ್ಣ, ಕೈ ನಿಲ್ಲಿಸದೆ. "ಅವಳಮ್ಮನ ಹತ್ರ ಕಲಿತಿದ್ದು. ಸ್ವಲ್ಪ ತಡವಾಗಿ."