ನಲವತ್ತೊಂದು ಡಬ್ಬಿ ಉದ್ದನೆಯ ಪದಗಳು

ಇಂಗ್ಲಿಷ್ ಪತ್ರಿಕೆಯ ಕಚೇರಿಗೆ ಸೇರಿದ ಮೊದಲ ದಿನವೇ ಹೊಸಬ ಮಾನ ಕಳೆದುಕೊಂಡ. ಪುಟ ಜೋಡಿಸಲು ಅವನಿಗೆ ಕೊಟ್ಟ ಕುರ್ಚಿಯ ಹಿಂದೆ, ಗೋಡೆಯುದ್ದಕ್ಕೂ ಬೂಟಿನ ರಟ್ಟಿನ ಡಬ್ಬಿಗಳನ್ನು ಪೇರಿಸಿಟ್ಟಿದ್ದರು. ಅವುಗಳ ಮುಂದೆ ಕನ್ನಡಕವನ್ನು ಹಣೆಗೇರಿಸಿಕೊಂಡ ಕುಳ್ಳ ಮನುಷ್ಯರೊಬ್ಬರು ಕೂತಿದ್ದರು. ಸಂಬಳದ ಜೊತೆಗೊಂದು ವ್ಯಾಪಾರವನ್ನೂ ಇಟ್ಟುಕೊಂಡಿದ್ದಾರೆ, ಜಾಣರು ಅಂದುಕೊಂಡ ಹೊಸಬ, ಊಟದ ಹೊತ್ತಿಗೆ ಹತ್ತಿರ ಹೋಗಿ ಸಣ್ಣ ದನಿಯಲ್ಲಿ ಕೇಳಿದ.

"ಎಂಟನೇ ಸೈಜು, ಕಪ್ಪು ಬೂಟು ಇದೆಯಾ?"

ಅವರು ಕನ್ನಡಕ ಇಳಿಸಿ ಅವನ ಮುಖ ನೋಡಿದರು, ಆಮೇಲೆ ಕಾಲು ನೋಡಿದರು. ಒಂದು ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ಒಳಗೆ ತುಂಬ ಕಾಗದದ ಚೀಟಿಗಳು, ಒಂದೊಂದರ ಮೇಲೂ ಒಂದೊಂದು ಇಂಗ್ಲಿಷ್ ಪದ.

"ಇದನ್ನ ಹಾಕ್ಕೊಂಡು ನಡೆಯೋಕಾಗಲ್ಲ ತಮ್ಮಾ. ನಾನೂ ಹಾಕ್ಕೊಂಡು ನೋಡಿದೀನಿ."

ಕಚೇರಿಯಲ್ಲಿ ಅವರನ್ನು ಎಲ್ಲರೂ ಉದ್ದಣ್ಣ ಅನ್ನುತ್ತಿದ್ದರು. ಎತ್ತರ ಐದಡಿ. ಹೆಸರು ಬಂದಿದ್ದು ಅವರ ಕೆಲಸದಿಂದ. ಪತ್ರಿಕೆಯ ಕೊನೇ ಪುಟದ ಮೂಲೆಯಲ್ಲಿ ದಿನಾ ಐದು ಇಂಗ್ಲಿಷ್ ಅಕ್ಷರ ಕೊಡುತ್ತಿದ್ದರು. ಆ ಐದೂ ಇರುವ, ಆದಷ್ಟು ಉದ್ದದ ಪದವನ್ನು ಓದುಗರು ಹುಡುಕಬೇಕು. ಮರುದಿನ ಉದ್ದಣ್ಣನ ಪದ ಅಚ್ಚಾಗುತ್ತಿತ್ತು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಓದುಗರು ಅವರನ್ನು ಸೋಲಿಸಿದ್ದು ಹನ್ನೊಂದೇ ಸಲ. ಆ ಹನ್ನೊಂದು ಮಂದಿಯ ಪತ್ರಗಳನ್ನೂ ಅವರು ಜೋಪಾನ ಮಾಡಿಟ್ಟಿದ್ದರು. ಇಷ್ಟು ಪದ ಗೊತ್ತಿದ್ದ ಮನುಷ್ಯ ಇಂಗ್ಲಿಷಿನಲ್ಲಿ ಆಡುತ್ತಿದ್ದುದು ಎರಡೇ ಮಾತು: ಮ್ಯಾನೇಜರು ಕರೆದರೆ "ಯಸ್ ಸರ್", ಬೈದರೆ "ಸಾರಿ ಸರ್".

ಡಬ್ಬಿಗಳಿಗೊಂದು ಕ್ರಮವಿತ್ತು. ಪದದೊಳಗಿನ ಅತಿ ಅಪರೂಪದ ಅಕ್ಷರ ಯಾವುದೋ, ಚೀಟಿ ಆ ಅಕ್ಷರದ ಡಬ್ಬಿಗೆ. ಕ್ಯೂ ಇದ್ದರೆ ಕ್ಯೂ ಡಬ್ಬಿ, ಜೆ಼ಡ್ ಇದ್ದರೆ ಜೆ಼ಡ್ ಡಬ್ಬಿ. ಪದ ಹೆಚ್ಚಿರುವ ಅಕ್ಷರಗಳಿಗೆ ಎರಡು ಮೂರು ಡಬ್ಬಿ.

"ಕ್ಯೂ ಕೊಟ್ರೆ ಕಷ್ಟ ಅಂತ ಜನ ತಿಳ್ಕೊಂಡಿದಾರೆ," ಎಂದಿದ್ದರು ಉದ್ದಣ್ಣ. "ಅದು ಇರೋದೇ ಒಂದು ಮನೇಲಿ, ಹೋಗಿ ಕದ ತಟ್ಟಿದ್ರೆ ಆಯ್ತು. ಟಿ, ಆರ್, ಎಸ್, ಎನ್, ಓ ಕೊಡು ನೋಡೋಣ. ಅವು ಊರೆಲ್ಲಾ ಇರ್ತವೆ. ನಲವತ್ತೊಂದು ಡಬ್ಬಿನೂ ಇಳಿಸಬೇಕು."

ಇಳಿಸಿ ಇಳಿಸಿ ಅವರ ಭುಜ ಸೋತಿತ್ತು. ಬಲಗಣ್ಣಿಗೆ ಪೊರೆ ಬರುತ್ತಿತ್ತು. ಚೀಟಿಯನ್ನು ಮೂಗಿಗೆ ತಗುಲಿಸಿಕೊಂಡು ಓದುವುದನ್ನು ನೋಡಿ ಹೊಸಬನಿಗೆ ಕನಿಕರ ಉಕ್ಕಿತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ಇವನೂ ಒಗೆದ. ಎಲ್ಲಿಂದಲೋ ದೊಡ್ಡದೊಂದು ಪದಪಟ್ಟಿ ತಂದು, ಅಕ್ಷರ ಒತ್ತಿದರೆ ಪದ ಉದುರುವ ಹಾಗೆ ಕಂಪ್ಯೂಟರಿನಲ್ಲಿ ಒಂದು ಏರ್ಪಾಟು ಮಾಡಿದ. ಮಾಡಿದವನು ಸುಮ್ಮನಿದ್ದನೇ? ಮ್ಯಾನೇಜರು ಅತ್ತ ಹಾದುಹೋಗುತ್ತಿದ್ದಾಗಲೇ, ಅವರಿಗೂ ಕೇಳಲಿ ಎಂದು ದನಿ ಎತ್ತರಿಸಿ, "ಉದ್ದಣ್ಣಾ, ಇನ್ಮೇಲೆ ನೀವು ಡಬ್ಬಿ ಇಳಿಸೋದೇ ಬೇಡ," ಎಂದ.

ಮ್ಯಾನೇಜರು ನಿಂತರು. ಆ ದಿನದ ಅಕ್ಷರಗಳು ಅವೇ, ಟಿ, ಆರ್, ಎಸ್, ಎನ್, ಓ. ಎರಡು ದಿನ ಹುಡುಕಿ ಉದ್ದಣ್ಣ ತೆಗೆದಿದ್ದ ಪದ ಮ್ಯಾಲ್‌ಅಡ್ಮಿನಿಸ್ಟ್ರೇಷನ್, ಹದಿನೇಳು ಅಕ್ಷರ. ಅದರ ಅರ್ಥವೇನು ಎಂದು ಮ್ಯಾನೇಜರು ಕೇಳಿದರು. ಆಡಳಿತ ಕುಲಗೆಟ್ಟಿದೆ ಎಂದು ಅವರ ಮುಖಕ್ಕೇ ಹೇಳುವ ಧೈರ್ಯ ಅಲ್ಲಿ ಯಾರಿಗೂ ಬರಲಿಲ್ಲ. ಹೊಸಬ ಗುಂಡಿ ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಕೌಂಟರ್‌ಡೆಮಾನ್‌ಸ್ಟ್ರೇಷನ್ ಬಂತು, ಇಪ್ಪತ್ತು ಅಕ್ಷರ.

"ಇಷ್ಟೇನಾ ಕೆಲಸ?" ಎಂದರು ಮ್ಯಾನೇಜರು. "ಮತ್ತೆ ಇವರು ಏನ್ಮಾಡ್ತಾರೆ?"

ಆಗ ಹೊಸಬನಿಗೆ ತನ್ನ ನಾಲಿಗೆ ಎಷ್ಟು ಉದ್ದ ಎಂಬುದು ತಿಳಿಯಿತು. ಉದ್ದಣ್ಣನ ಕುರ್ಚಿಯ ಕಾಲನ್ನು ತಾನೇ ಕುಯ್ದಿದ್ದ. ತಡವರಿಸುತ್ತಾ, "ಸರ್, ಇವರ ಹತ್ರ ಇರೋವೆಲ್ಲಾ ಕಂಪ್ಯೂಟರಲ್ಲಿ ಇರಲ್ಲ," ಎಂದ.

"ಹೌದಾ? ಹಾಗಾದ್ರೆ ತೋರಿಸು. ಕಂಪ್ಯೂಟರಲ್ಲಿ ಇಲ್ಲದ್ದು, ನಿಘಂಟಲ್ಲಿ ಇರೋದು, ಅಂಥದ್ದು ಒಂದೇ ಒಂದು ಪದ ತೋರಿಸು, ಅವರು ಇರಲಿ. ತಿಂಗಳ ಕೊನೇವರೆಗೂ ಟೈಮ್ ಇದೆ."

ಅಂದಿನಿಂದ ಊಟದ ವಿರಾಮಗಳಲ್ಲಿ ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಟೈಪು. ಉದ್ದಣ್ಣ ಚೀಟಿ ಓದುವುದು, ಹೊಸಬ ಒತ್ತುವುದು. ಪದ ಪಟ್ಟಿಯಲ್ಲಿದ್ದರೆ ಪರದೆ ಹಸಿರಾಗುತ್ತಿತ್ತು. ಕ್ಯೂ ಡಬ್ಬಿ ಹಸಿರು, ಜೆ಼ಡ್ ಡಬ್ಬಿ ಹಸಿರು. ಕಚೇರಿಯಲ್ಲಿ ಹೊತ್ತು ಸಾಲದೆ ಭಾನುವಾರಗಳಂದು ಡಬ್ಬಿಗಳನ್ನೂ ಹೊಸಬನ ಲ್ಯಾಪ್‌ಟಾಪನ್ನೂ ಉದ್ದಣ್ಣನ ಮನೆಗೆ ಹೊತ್ತರು. ಅಡಿಗೆಮನೆ, ಅದಕ್ಕೆ ಅಂಟಿದ ಒಂದು ಕೋಣೆ. ಮಂಚದ ಮೇಲೆ ಡಬ್ಬಿ ಇಟ್ಟರೆ ಮನುಷ್ಯರು ನೆಲದ ಮೇಲೆ.

"ಇವರು ನನ್ನ ನೋಡೋಕೆ ಬಂದಾಗಲೂ ಜೇಬಲ್ಲಿ ಚೀಟಿ ಇತ್ತಪ್ಪಾ," ಎಂದರು ಅವರ ಹೆಂಡತಿ, ಟೀ ಲೋಟ ಇಡುತ್ತಾ. "ಮದುವೆಗೆ ಒಪ್ಪಿಗೆ ಬರ್ಕೊಂಡ್ ಬಂದಿದಾರೆ ಅಂದ್ಕೊಂಡಿದ್ದೆ. ಸಿಕ್ತಾ ಒಂದಾದ್ರೂ?"

"ಸಿಗ್ತದೆ ಅಕ್ಕಾ," ಎಂದ ಹೊಸಬ.

"ಸಿಗದಿದ್ರೆ ದಿನಾ ಮನೇಲಿ ಇರ್ತಾರಾ?" ಎಂದು ಆಕೆ ಕೇಳಿದ್ದು ತಮಾಷೆಗೋ ಹೆದರಿಕೆಯಿಂದಲೋ ಹೊಸಬನಿಗೆ ಗೊತ್ತಾಗಲಿಲ್ಲ. ಉದ್ದಣ್ಣ ಮುಂದಿನ ಚೀಟಿಯನ್ನು ಮೂಗಿಗೆ ಹಿಡಿದರು.

ಕಚೇರಿಯಲ್ಲಿ ಮೂವತ್ತೆಂಟನೇ ಡಬ್ಬಿ ನೋಡುವಾಗ ಒಮ್ಮೆ ಪರದೆ ಕೆಂಪಾಯಿತು. ಹೊಸಬ ಕುರ್ಚಿ ಬಿಟ್ಟೆದ್ದ. ಉದ್ದಣ್ಣ ಏಳಲಿಲ್ಲ. "ಇನ್ನೊಂದ್ಸಲ ಒತ್ತು," ಎಂದರು. ಒತ್ತಿದ. ಆತುರದಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು ಅಷ್ಟೆ. ಹಸಿರು.

ನಲವತ್ತೊಂದನೆಯದೂ ಮುಗಿಯಿತು. ತಿಂಗಳ ಕೊನೆಯ ದಿನ ಮ್ಯಾನೇಜರು ಉದ್ದಣ್ಣನ ಕೈ ಕುಲುಕಿ ಒಂದು ಗೋಡೆ ಗಡಿಯಾರ ಕೊಟ್ಟರು. ಕೊನೇ ಪುಟದ ಮೂಲೆ ಹೊಸಬನ ಕಂಪ್ಯೂಟರಿನ ಪಾಲಾಯಿತು. ಡಬ್ಬಿಗಳು ಬೇಕಾ ಎಂದು ಯಾರೂ ಕೇಳಲಿಲ್ಲ. ಇಬ್ಬರೂ ಅವನ್ನು ಹಗ್ಗದಲ್ಲಿ ಕಟ್ಟಿ ಮೆಟ್ಟಿಲಿಳಿಸುವಾಗ ಹೊಸಬನಿಗೆ ತಡೆಯಲಾಗಲಿಲ್ಲ.

"ಉದ್ದಣ್ಣಾ, ಇದೆಲ್ಲಾ ಕಂಪ್ಯೂಟರು ಮಾಡ್ತದೆ ಅಂತ ನಿಮಗೆ ಮೊದಲು ಗೊತ್ತೇ ಇರ್ಲಿಲ್ವಾ?"

ಉದ್ದಣ್ಣ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಭುಜ ನೀವಿಕೊಂಡರು.

"ಹದಿನೈದು ವರ್ಷದಿಂದ ಗೊತ್ತು. ಮ್ಯಾನೇಜರಿಗೆ ಗೊತ್ತಿರ್ಲಿಲ್ಲ."